ಹೊನ್ನಮ್ಮ ಟೀಚರ ಐದನೇ ಪ್ರಶ್ನೆ

ಸಾವಿರದ ಒಂಬೈನೂರ ಐವತ್ತೊಂಬತ್ತರ ಏಪ್ರಿಲ್‌ನಲ್ಲಿ ಹೊನ್ನಮ್ಮ ಟೀಚರು ಒಂದೇ ಪ್ರಶ್ನೆಗೆ ಮೂವತ್ತೆಂಟು ಮಕ್ಕಳಿಗೆ ಸೊನ್ನೆ ಹಾಕಿದರು.

‘ನಿಮ್ಮ ಊರಿನ ಕೆರೆಯಿಂದ ಆಗುವ ಉಪಯೋಗಗಳನ್ನು ಬರೆಯಿರಿ’ ಎಂಬುದು ಪ್ರಶ್ನೆ. ಏಳನೇ ತರಗತಿಯ ಸಾಮಾನ್ಯ ವಿಜ್ಞಾನದ ಅಚ್ಚಿನ ಪತ್ರಿಕೆಯಲ್ಲಿ ಬಂದದ್ದು. ಮೂವತ್ತೆಂಟು ಮಕ್ಕಳೂ ಒಂದಕ್ಷರ ಆಚೀಚೆ ಆಗದಂತೆ ಒಂದೇ ಉತ್ತರ ಬರೆದಿದ್ದರು: ‘ನಮ್ಮ ಊರಿನ ಕೆರೆಯು ವಿಶಾಲವಾಗಿದೆ. ಏರಿಯ ಮೇಲೆ ಸಾಲಾಗಿ ಹುಣಸೆಮರಗಳಿವೆ. ತೂಬಿನಿಂದ ನೀರು ಬಿಟ್ಟು ಕಬ್ಬು ಬೆಳೆಯುತ್ತಾರೆ.’ ಉತ್ತರ ಸೂಚಿಯಲ್ಲೂ ಇವೇ ಅಂಶಗಳಿದ್ದವು.

ಅವರು ತಿದ್ದುತ್ತಿದ್ದುದು ಬೇರೊಂದು ಶಾಲೆಯ ಪತ್ರಿಕೆಗಳನ್ನು; ಆ ಶಾಲೆ ಅವರಿದ್ದ ಮಾದಾಪುರದಿಂದ ಮೂರು ಮೈಲಿ ದೂರದಲ್ಲಿತ್ತು. ಹೊನ್ನಮ್ಮನವರಿಗೆ ಆ ಊರಿನ ಪ್ರತಿ ತಿರುವೂ ಗೊತ್ತು. ಇಳಿಜಾರಿನಲ್ಲಿ ಕಾಫಿ, ತಗ್ಗಿನಲ್ಲಿ ಗದ್ದೆ, ನಡುವೆ ಹರಿಯುವ ತೋಡು. ಕಬ್ಬು ಬೆಳೆದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅವರು ಕೆಂಪು ಶಾಯಿಯಲ್ಲಿ ಮೂವತ್ತೆಂಟು ಸಲ ಸೊನ್ನೆ ಬರೆದು, ಮೊದಲ ಪತ್ರಿಕೆಯ ಅಂಚಿನಲ್ಲಿ ‘ಈ ಕೆರೆ ಇಲ್ಲ’ ಎಂದು ಸೇರಿಸಿದರು.

ಎರಡು ವಾರದಲ್ಲಿ ಮಡಿಕೇರಿಯಿಂದ ಕರೆ ಬಂತು. ಶಾಲಾ ಇನ್‌ಸ್ಪೆಕ್ಟರ್ ಧರ್ಮಪಾಲರು ಚನ್ನರಾಯಪಟ್ಟಣದ ಕಡೆಯವರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ವರ್ಗವಾಗಿ ಬಂದು ಒಂದೂವರೆ ವರ್ಷವಾಗಿತ್ತು. ಮೇಜಿನ ಮೇಲೆ ಆ ಮೂವತ್ತೆಂಟು ಪತ್ರಿಕೆಗಳ ಕಟ್ಟಿತ್ತು.

“ಸೂಚಿಯಲ್ಲಿ ಇರೋದನ್ನೇ ಮಕ್ಕಳು ಬರೆದಿದ್ದಾರೆ. ಸೊನ್ನೆ ಯಾಕಮ್ಮ?”

“ಕೆರೆ ಇಲ್ಲ ಸಾರ್ ಆ ಊರಲ್ಲಿ.”

“ಕೆರೆ ಇಲ್ಲದ ಊರು ಇರುತ್ತೇನಮ್ಮ?”

“ತೋಡು ಉಂಟು, ಹೊಳೆ ಉಂಟು. ಎಸ್ಟೇಟ್ ಒಳಗಿನ ಹೊಂಡವನ್ನು ಕೆರೆ ಅಂತಾರೆ. ಆದ್ರೆ ಏರಿ, ತೂಬು, ಹುಣಸೆಮರ ಒಂದೂ ಇಲ್ಲ. ಸಂಶಯ ಇದ್ರೆ ನಾಳೆ ಬನ್ನಿ, ನಡೆದು ತೋರಿಸ್ತೇನೆ.”

ಧರ್ಮಪಾಲರು ಕನ್ನಡಕ ತೆಗೆದು ಒರೆಸಿದರು. “ಆ ಪ್ರಶ್ನೆ ಬರೆದವನು ನಾನೇ” ಎಂದರು. “ನಮ್ಮೂರಿನ ಕೆರೆ ಏರಿ ಮೇಲೆ ಸಂಜೆ ಹೊತ್ತು ನಿಂತ್ಕೋಬೇಕು ನೀವು. ಅದನ್ನೇ ಮನಸ್ಸಲ್ಲಿಟ್ಕೊಂಡು ಬರೆದೆ.”

ಹೊನ್ನಮ್ಮ ನಗಲಿಲ್ಲ. “ನಿಮ್ಮೂರಿನ ಮಕ್ಕಳಿಗೆ ಅದು ಒಳ್ಳೆ ಪ್ರಶ್ನೆ ಸಾರ್. ನಮ್ಮ ಮಕ್ಕಳಿಗೆ ನಮ್ಮ ಮೇಷ್ಟ್ರುಗಳೇ ಬರೀಲಿ. ಬಾಯಿಪಾಠ ಒಪ್ಪಿಸುದಲ್ಲ, ಕಂಡದ್ದನ್ನು ಯೋಚಿಸಿ ಬರೆಯುವ ಹಾಗಿನದ್ದು. ಹೇಗೆ ಬರೆಯುದು ಅಂತ ಅವರಿಗೆ ನಾನು ಹೇಳಿಕೊಡ್ತೇನೆ.”

ಧರ್ಮಪಾಲರು ಒಳ್ಳೆಯವರು, ಆದರೆ ಕೆಲಸದಲ್ಲಿ ಬಿಗಿ. ಯೋಚಿಸಿ ಬರೆಯುವ ಉತ್ತರಕ್ಕೆ ಒಬ್ಬ ಮೇಷ್ಟ್ರು ಇಪ್ಪತ್ತು ಕೊಟ್ಟರೆ ಇನ್ನೊಬ್ಬರು ಹತ್ತು ಕೊಡುತ್ತಾರೆ, ಅದು ಪರೀಕ್ಷೆಯಲ್ಲ, ಅದೃಷ್ಟ ಎಂದರು. ಆದ್ದರಿಂದ ಒಂದು ಷರತ್ತು ಹಾಕಿದರು. ಮಾದಾಪುರದ ಸುತ್ತಿನ ಹನ್ನೆರಡು ಶಾಲೆಗಳ ಮೇಷ್ಟ್ರುಗಳು ಸೇರಿ ಇಪ್ಪತ್ತೈದು ಅಂಕದ ಒಂದು ಪತ್ರಿಕೆ ತಯಾರಿಸಬೇಕು. ಅದಕ್ಕೆ ಮಕ್ಕಳು ಬರೆದ ಇಪ್ಪತ್ತು ಉತ್ತರಪತ್ರಿಕೆಗಳನ್ನು ಇಬ್ಬರು ಮೇಷ್ಟ್ರುಗಳು ಬೇರೆ ಬೇರೆ ಕೋಣೆಯಲ್ಲಿ ಕೂತು ತಿದ್ದಬೇಕು. ಯಾವುದೇ ಒಂದು ಪತ್ರಿಕೆಯಲ್ಲಿ ಇಬ್ಬರ ಅಂಕಗಳ ನಡುವೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೂ ಮತ್ತೆ ಅಚ್ಚಿನ ಪತ್ರಿಕೆಯೇ.

“ಒಂದೇ ಒಂದು ಪತ್ರಿಕೆಯಲ್ಲಿ ಬಂದ್ರೂ?”

“ಒಂದರಲ್ಲಿ ಬಂದ್ರೂ. ಆಮೇಲೆ ಈ ವಿಷಯ ಮತ್ತೆ ಎತ್ತಬಾರದು.”

“ಆಯ್ತು ಸಾರ್” ಎಂದರು ಹೊನ್ನಮ್ಮ. ಹೊರಗೆ ಬಂದ ಮೇಲೆ, ಅಷ್ಟು ಬೇಗ ಒಪ್ಪಬಾರದಿತ್ತೋ ಏನೋ ಎಂದು ಒಮ್ಮೆ ಅನ್ನಿಸಿತು. ಬಸ್ಸು ಹೊರಡುವಷ್ಟರಲ್ಲಿ ಆ ಯೋಚನೆ ಹೋಗಿ, ಹನ್ನೆರಡು ಶಾಲೆಗಳ ಹೆಸರನ್ನು ಟಿಕೆಟಿನ ಹಿಂಭಾಗದಲ್ಲಿ ಬರೆಯತೊಡಗಿದ್ದರು.

ಹೊನ್ನಮ್ಮನವರಿಗೆ ಆಗ ನಲವತ್ತೊಂದು ವರ್ಷ. ತವರು ಭಾಗಮಂಡಲದ ಕಡೆ, ಮನೆಮಾತು ಅರೆಭಾಷೆ. ತಂದೆ ಬೆಳ್ಯಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ, ಕೆಲಸದ ದಾಖಲೆ ಬರೆಯುವುದರ ಜೊತೆಗೆ ದಿನಾ ಬೆಳಗ್ಗೆ ಎಂಟಕ್ಕೆ ಮಳೆ ಅಳೆಯುವ ಡಬ್ಬಿಯ ನೀರು ನೋಡಿ ಪುಸ್ತಕಕ್ಕೆ ಏರಿಸುವುದೂ ಅವರ ಕೆಲಸ. ನೂರು ಸೆಂಟಿಗೆ ಒಂದು ಇಂಚು. ಏಳನೇ ವಯಸ್ಸಿನಿಂದ ಮಗಳೂ ಅಪ್ಪನ ಜೊತೆ ಹೋಗಿ ಅಳತೆ ಓದುತ್ತಿದ್ದಳು. ಒಂದು ವರ್ಷ ಎಸ್ಟೇಟಿನ ದೊರೆ ಬಂದು, ಡಬ್ಬಿ ಸಿಲ್ವರ್ ಓಕ್ ಮರದ ಕೆಳಗಿರುವುದನ್ನು ಕಂಡು ಬೆಳ್ಯಪ್ಪನವರನ್ನು ಎಲ್ಲರೆದುರು ಬೈದಿದ್ದ. ಡಬ್ಬಿ ಬಯಲಿಗೆ ಹೋಯಿತು, ಮಳೆಯ ಅಂಕಿ ಏರಿತು. ಅಳತೆ ಸರಿಯಾಗಬೇಕಾದರೆ ಅಳೆಯುವ ಜಾಗ ಸರಿಯಿರಬೇಕು ಎಂಬುದು ಅಂದಿನಿಂದ ಹೊನ್ನಮ್ಮನವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಟೀಚರ ತರಬೇತಿ ಮುಗಿಸಿ, ಸಣ್ಣ ಕಾಫಿ ಹಿಡುವಳಿಯಿದ್ದ ಕುಶಾಲಪ್ಪನವರನ್ನು ಮದುವೆಯಾಗಿ ಮಾದಾಪುರಕ್ಕೆ ಬಂದು ಹದಿನೆಂಟು ವರ್ಷ. ಈಗ ಅಲ್ಲಿಗೆ ಎರಡು ಮೈಲಿ ದೂರದ ಮಿಡ್ಲ್ ಸ್ಕೂಲಿಗೆ ಅವರೇ ಹೆಡ್‌ಮಿಸ್ಟ್ರೆಸ್.

“ನಿಂಗೆ ಮಂಡೆ ಸಮ ಉಟ್ಟಾ?” ಎಂದು ಕುಶಾಲಪ್ಪ ಆ ಸಂಜೆ ಕೇಳಿದರು. ತಲೆ ಸರಿಯಿದೆಯಾ ಎಂದು ಕೇಳುವುದು ಆ ಮನೆಯಲ್ಲಿ ಮೆಚ್ಚುಗೆಯ ಮಾತೇ ಆಗಿತ್ತು.

“ಉಟ್ಟು” ಎಂದರು ಹೊನ್ನಮ್ಮ.

ಜುಲೈಯ ನಾಲ್ಕು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ, ಹನ್ನೆರಡು ಮಂದಿ ಕೊಡೆ ಮಡಚಿ, ಕಂಬಳಿ ಕೊಡವಿ ಅವರ ಶಾಲೆಯಲ್ಲಿ ಸೇರಿದರು. ಮೊದಲು ಬಂದವರು ಪೊನ್ನಪ್ಪ ಮೇಷ್ಟ್ರು. ಐವತ್ತು ದಾಟಿದ ಕೊಡವರು. ಇಲ್ಲದ ಕೆರೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದವರು ಅವರೇ.

“ನನ್ನ ಮೂವತ್ತೆಂಟು ಮಕ್ಕಳನ್ನು ಒಂದೇ ಏಟಿಗೆ ಆ ಕೆರೆಯಲ್ಲಿ ಮುಳುಗಿಸಿದಿರಲ್ಲ ಟೀಚರೇ!”

“ಕೆರೆ ತೋಡಿದವರು ನೀವಲ್ಲವಾ ಮೇಷ್ಟ್ರೇ?”

“ಮತ್ತೆಂತ ಮಾಡುದು ಮಾರಾಯ್ತಿ? ಪ್ರಶ್ನೆ ಬಂದೀತು ಅಂತ ಗೊತ್ತು, ಕೆರೆ ಇಲ್ಲ ಅಂತಲೂ ಗೊತ್ತು. ಮಕ್ಕಳು ಪಾಸಾಗುದು ಬೇಡವಾ?”

ಪೊನ್ನಪ್ಪನವರ ತಪ್ಪು ಅವರೊಬ್ಬರದಲ್ಲ ಎಂದು ಹೊನ್ನಮ್ಮನವರಿಗೆ ಆಗಲೇ ತಿಳಿದಿತ್ತು. ಕುರ್ಚಿ ತೋರಿಸಿ ಕಾಫಿ ಕೊಟ್ಟರು.

ಮೊದಲ ಶನಿವಾರ ಎಲ್ಲರೂ ಒಂದೊಂದು ಪ್ರಶ್ನೆ ತಂದಿದ್ದರು. ಪೊನ್ನಪ್ಪ ತಮ್ಮದನ್ನು ಎದ್ದುನಿಂತು ಓದಿದರು. “ಹಳೇ ಪೇಪರಲ್ಲಿ ರೈಲು ಇತ್ತು. ಕೊಡಗಿನಲ್ಲಿ ರೈಲೆಲ್ಲಿ ಉಂಟು? ತೆಗೆದು ಬಸ್ ಹಾಕಿದೆ. ‘ಮಡಿಕೇರಿಯಿಂದ ಮಾದಾಪುರಕ್ಕೆ ಬಸ್ಸು ಗಂಟೆಗೆ ಮೂವತ್ತೈದು ಮೈಲಿ ವೇಗದಲ್ಲಿ ಬರುತ್ತದೆ...’”

ಕೋಣೆಯ ಹಿಂದಿನಿಂದ ಸಣ್ಣಸ್ವಾಮಿ ಕೈ ಎತ್ತಿದರು. ಅವರ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ಮಗ ಮೇಷ್ಟ್ರಾಗಿ ಬಂದು ಇನ್ನೂ ಆರು ವರ್ಷ. “ಅದ್ಯಾವ ಬಸ್ಸು ಸಾ? ನಂಗೂ ಒಂದು ಸೀಟು ಇಡ್ಸಿ. ಇವತ್ತು ನಾನು ಬಂದದ್ದು ಎರಡು ಕಡೆ ಇಳಿದು ತಳ್ಕೊಂಡು.”

ನಗು ನಿಂತ ಮೇಲೆ ಸಣ್ಣಸ್ವಾಮಿಯವರ ಸರದಿ ಬಂತು. ‘ದುಬಾರೆಯ ಶಿಬಿರದಲ್ಲಿ ಸಾಕುವ ಪ್ರಾಣಿ ಯಾವುದು?’

“ಆನೆ” ಎಂದು ಹನ್ನೊಂದು ಮಂದಿ ಒಟ್ಟಿಗೆ ಹೇಳಿದರು.

“ನೋಡಿ, ಯಾರಾದ್ರೂ ಯೋಚನೆ ಮಾಡಿದಿರಾ?” ಎಂದು ಕೇಳಿದರು ಹೊನ್ನಮ್ಮ. “ಊರಿನ ಹೆಸರು ಹಾಕಿದ ಕೂಡಲೇ ಪ್ರಶ್ನೆ ನಮ್ಮದಾಗುದಿಲ್ಲ. ಸಣ್ಣಸ್ವಾಮಿ, ಆನೆ ಮರ ಎಳೆಯುದು ನೋಡಿದ್ದೀರಲ್ಲ. ಸರಪಳಿ ಎಲ್ಲಿಗೆ ಕಟ್ತಾರೆ?”

“ದಿಮ್ಮಿಯ ಒಂದು ತುದಿಗೆ.”

“ನಡುವಿಗೆ ಕಟ್ಟಿದ್ರೆ?”

ಸಣ್ಣಸ್ವಾಮಿ ಮೇಜಿನ ಮೇಲಿದ್ದ ಅಳತೆಪಟ್ಟಿಯ ನಡುವಿಗೆ ದಾರ ಕಟ್ಟಿ ಎಳೆದರು. ಪಟ್ಟಿ ಅಡ್ಡವಾಗಿಯೇ ಬಂದು, ಎರಡು ಶಾಯಿಕುಡಿಕೆಗಳ ನಡುವೆ ಸಿಕ್ಕಿಕೊಂಡು ನಿಂತಿತು. “ಓಹೋ” ಎಂದರು. ಅವರ ಪ್ರಶ್ನೆ ಅಲ್ಲಿಯೇ ಸಿದ್ಧವಾಯಿತು.

ಎರಡನೇ ಶನಿವಾರ ಪೊನ್ನಪ್ಪನವರೂ ದಾರಿಗೆ ಬಂದರು. ವಿರಾಜಪೇಟೆಯಾಚೆ ಕೇರಳದ ಗಡಿಗೆ ಇಳಿಯುವ ಮಾಕುಟ್ಟದ ದಾರಿಯಲ್ಲಿ ಅವರ ಅಳಿಯ ಮರದ ಲಾರಿ ಓಡಿಸುತ್ತಿದ್ದ. ಅವರು ಬರೆದದ್ದು ಹೀಗೆ: ‘ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸಿದರೆ ಎಣ್ಣೆ ಉಳಿಯುತ್ತದೆ ಎಂದು ಡ್ರೈವರ್ ಹೇಳುತ್ತಾನೆ. ಬೇಡ ಎಂದು ಕ್ಲೀನರ್ ಹೇಳುತ್ತಾನೆ. ನೀವು ಲಾರಿಯಲ್ಲಿ ಕೂತಿದ್ದೀರಿ. ಯಾರ ಮಾತು ಕೇಳುತ್ತೀರಿ, ಏಕೆ?’

“ನಾನಾದ್ರೆ ಇಳಿದು ನಡೀತೇನೆ” ಎಂದಳು ಸರೋಜ. ಹೊನ್ನಮ್ಮನವರ ಶಾಲೆಗೇ ಹೊಸದಾಗಿ ಬಂದಿದ್ದ ಟೀಚರು, ಗುಂಪಿಗೆಲ್ಲ ಕಿರಿಯವಳು.

“ಕಾರಣ ಕೊಟ್ರೆ ಅದಕ್ಕೂ ಅಂಕ ಉಂಟು” ಎಂದರು ಪೊನ್ನಪ್ಪ, ಗಂಭೀರವಾಗಿ.

ಹೀಗೆ ನಾಲ್ಕು ಪ್ರಶ್ನೆಗಳು ಸಿದ್ಧವಾದವು. ಪ್ರಶ್ನೆಗಿಂತ ಕಷ್ಟವಾದದ್ದು ಅಂಕ ಕೊಡುವ ಸೂಚಿ. ಯಾವ ಕಾರಣಕ್ಕೆ ಎಷ್ಟು, ಅರ್ಧ ಕಾರಣಕ್ಕೆ ಎಷ್ಟು ಎಂದು ಸಾಲುಸಾಲಾಗಿ ಬರೆಯಬೇಕಿತ್ತು. ಪ್ರತಿ ಸೂಚಿಯ ಮೇಲೂ ಹನ್ನೆರಡು ಮಂದಿ ಕಿತ್ತಾಡಿದರು. ಐದನೆಯದು ಹೊನ್ನಮ್ಮನವರದು. ಅದರ ಸೂಚಿಯ ಮೇಲೆ ಮಾತ್ರ ಯಾರೂ ಕಿತ್ತಾಡಲಿಲ್ಲ. ಕಲಿಸುವವರೇ ಬರೆದದ್ದಲ್ಲವೇ? ಪ್ರಶ್ನೆ ಇಷ್ಟು:

‘ಒಂದು ಎಸ್ಟೇಟಿನ ರೈಟರು ಮಳೆ ಅಳೆಯುವ ಡಬ್ಬಿಯನ್ನು ಸಿಲ್ವರ್ ಓಕ್ ಮರದ ಕೆಳಗೆ ಇಟ್ಟಿದ್ದಾರೆ. ಪಕ್ಕದ ಎಸ್ಟೇಟಿನವರು ಬಯಲಿನಲ್ಲಿ ಇಟ್ಟಿದ್ದಾರೆ. ಒಂದೇ ದಿನ ಮೊದಲನೆಯದರಲ್ಲಿ 62 ಸೆಂಟು, ಎರಡನೆಯದರಲ್ಲಿ 1 ಇಂಚು 10 ಸೆಂಟು ನೀರಿತ್ತು. ನಮ್ಮ ಎಸ್ಟೇಟಿಗೆ ಮಳೆ ಕಡಿಮೆ ಎಂದು ರೈಟರು ಹೇಳುತ್ತಾರೆ. ಈ ಮಾತು ಸರಿಯೇ? ನೀವು ಏನು ಮಾಡುತ್ತೀರಿ?’

ಸೂಚಿ: ‘ಮಾತು ತಪ್ಪು ಎಂದು ಹೇಳಿದರೆ ಒಂದು ಅಂಕ. ಎಲೆಗಳು ಮಳೆಯನ್ನು ತಡೆದಿವೆ ಎಂಬ ಕಾರಣಕ್ಕೆ ಎರಡು. ಡಬ್ಬಿಯನ್ನು ಬಯಲಿಗೆ ಸಾಗಿಸಬೇಕು ಎಂದರೆ ಎರಡು. ಮಾತು ಸರಿ ಎಂದವರಿಗೆ ಅಂಕವಿಲ್ಲ.’

ಸೆಪ್ಟೆಂಬರ್ ಕೊನೆಯಲ್ಲಿ ಎರಡು ಶಾಲೆಗಳ ಇಪ್ಪತ್ತು ಮಕ್ಕಳು ಪತ್ರಿಕೆ ಬರೆದರು. ಹೆಸರಿನ ಬದಲು ಸಂಖ್ಯೆ. ಮಾರನೆಯ ದಿನ ಧರ್ಮಪಾಲರು ಬೆಳಗಿನ ಬಸ್ಸಿಗೇ ಬಂದರು. ಚೀಟಿ ಎತ್ತಿದಾಗ ತಿದ್ದುವವರಾಗಿ ಪೊನ್ನಪ್ಪ, ಸಣ್ಣಸ್ವಾಮಿ ಎಂದು ಬಂತು. ಒಬ್ಬರು ಐದನೇ ತರಗತಿಯ ಕೋಣೆಗೆ, ಇನ್ನೊಬ್ಬರು ಏಳನೆಯದಕ್ಕೆ ಹೋದರು. ಅಂಕವನ್ನು ಪತ್ರಿಕೆಯ ಮೇಲೆ ಹಾಕದೆ ಬೇರೆ ಹಾಳೆಯಲ್ಲಿ ಬರೆದು, ಹತ್ತು ಹತ್ತರ ಕಟ್ಟನ್ನು ಅದಲುಬದಲು ಮಾಡಿಕೊಂಡರು.

ಮಧ್ಯಾಹ್ನ ಎರಡೂವರೆಗೆ ಇನ್‌ಸ್ಪೆಕ್ಟರು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದತೊಡಗಿದರು. ಮೇಷ್ಟ್ರುಗಳು ಗೋಡೆಗೆ ಒರಗಿ ನಿಂತಿದ್ದರು. ಒಂದನೇ ಸಂಖ್ಯೆ, ವ್ಯತ್ಯಾಸ ಒಂದು. ಎರಡು, ಸೊನ್ನೆ. ಮೂರು, ಒಂದೂವರೆ. ಹತ್ತರ ವರೆಗೆ ಎಲ್ಲಿಯೂ ಎರಡು ದಾಟಲಿಲ್ಲ. ಸರೋಜ ಬೆರಳು ಮಡಚುತ್ತ ಎಣಿಸುತ್ತಿದ್ದಳು. ಹದಿನಾಲ್ಕನೆಯದರಲ್ಲಿ ಇನ್‌ಸ್ಪೆಕ್ಟರ ಪೆನ್ಸಿಲ್ ನಿಂತಿತು.

“ಪೊನ್ನಪ್ಪನವರು ಹದಿನಾಲ್ಕು. ಸಣ್ಣಸ್ವಾಮಿ ಹತ್ತೊಂಬತ್ತು.”

ಧರ್ಮಪಾಲರು ಉಳಿದ ಆರನ್ನೂ ಓದಿ ಮುಗಿಸಿದರು. ಎಲ್ಲವೂ ಮೂರರ ಒಳಗೇ. ಮತ್ತೆ ಹದಿನಾಲ್ಕಕ್ಕೆ ಬಂದರು. ನಾಲ್ಕು ಪ್ರಶ್ನೆಗಳಲ್ಲಿ ಇಬ್ಬರ ಅಂಕವೂ ಒಂದೇ. ಐದನೆಯದಕ್ಕೆ ಪೊನ್ನಪ್ಪ ಸೊನ್ನೆ, ಸಣ್ಣಸ್ವಾಮಿ ಪೂರ್ತಿ ಐದು.

“ಸೂಚಿ ನೋಡಿಯೇ ಹಾಕಿದ್ದು ಸಾರ್” ಎಂದರು ಪೊನ್ನಪ್ಪ. “ಮಾತು ತಪ್ಪು ಅಂತ ಬರೆದಿಲ್ಲ, ಸರಿ ಇರಬಹುದು ಅಂತ ಬರೆದದ್ದು. ಸರಿ ಅಂದವರಿಗೆ ಅಂಕ ಇಲ್ಲವಲ್ಲ.”

“ನೀವ್ಯಾಕ್ರೀ ಐದು ಕೊಟ್ರಿ?”

ಸಣ್ಣಸ್ವಾಮಿಯ ಮುಖ ಕೆಂಪಾಗಿತ್ತು. “ಸೂಚಿ ಮೀರಿದೆ ಸಾ, ಒಪ್ಕೋತೀನಿ. ಆದ್ರೆ ಉತ್ತರ ಓದಿ ಸೊನ್ನೆ ಹಾಕೋಕೆ ಕೈ ಬರ್ಲಿಲ್ಲ.”

ಇನ್‌ಸ್ಪೆಕ್ಟರು ಪತ್ರಿಕೆಯನ್ನು ಹೊನ್ನಮ್ಮನವರ ಕಡೆ ಸರಿಸಿದರು. ಅಕ್ಷರ ದುಂಡಗಿತ್ತು, ಒತ್ತಕ್ಷರಗಳು ಸಾಲಿನಿಂದ ಕೆಳಗೆ ಜಾರಿದ್ದವು.

‘ರೈಟರು ಹೇಳಿದ್ದು ಸರಿ ಇರಬಹುದು. ತಪ್ಪೂ ಇರಬಹುದು. ನಮ್ಮ ಮನೆ ಗುಡ್ಡದ ಈಚೆ, ಅಜ್ಜಿ ಮನೆ ಗುಡ್ಡದ ಆಚೆ. ಅಲ್ಲಿ ಮಳೆ ಹೊಯ್ಯುವಾಗ ಇಲ್ಲಿ ಬಟ್ಟೆ ಒಣಗುತ್ತದೆ. ಮರವೂ ನೀರು ತಡೆದಿರಬಹುದು. ಅದೇ ಎಸ್ಟೇಟಿನಲ್ಲಿ ಮರದ ಕೆಳಗೊಂದು, ಬಯಲಿನಲ್ಲೊಂದು ಡಬ್ಬಿ ಇಟ್ಟು ಒಂದೇ ಮಳೆಗೆ ನೋಡಬೇಕು. ಒಂದು ಮಳೆ ಸಾಲದು.’

ಹೊನ್ನಮ್ಮ ಎರಡು ಸಲ ಓದಿದರು. ಎರಡನೇ ಸಲ ಓದುವಾಗ ಕಿವಿ ಬಿಸಿಯಾಯಿತು. ಗುಡ್ಡದ ಈಚೆ ಆಚೆ ಮಳೆ ಬೇರೆ ಬೇರೆ ಎಂಬುದು ತಮಗೆ ಗೊತ್ತಿಲ್ಲದ ವಿಷಯವೇ? ಆದರೆ ಈ ಪ್ರಶ್ನೆ ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಒಂದೇ ಮರ, ಒಂದೇ ಡಬ್ಬಿ, ಬೈಸಿಕೊಂಡು ನಿಂತಿದ್ದ ಅಪ್ಪ. ಉತ್ತರ ಮೂವತ್ತು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ಮಕ್ಕಳು ಅದನ್ನು ಹುಡುಕಿ ತೆಗೆಯಲಿ ಎಂದು ಕಾದಿದ್ದರು, ಅಷ್ಟೇ.

“ಹೊನ್ನಮ್ಮನವರೇ” ಎಂದರು ಧರ್ಮಪಾಲರು, ಮೆತ್ತಗೆ. “ಸಣ್ಣಸ್ವಾಮಿ ಸೂಚಿ ಮೀರಿದ್ದು ಅಂತ ನೀವು ಹೇಳೋದಾದ್ರೆ, ಅದು ತಿದ್ದುವವರ ತಪ್ಪು. ಪತ್ರಿಕೆಯದ್ದಲ್ಲ. ಆ ಒಂದನ್ನು ಪಕ್ಕಕ್ಕಿಟ್ಟು ಹತ್ತೊಂಬತ್ತರ ಮೇಲೆ ತೀರ್ಮಾನ ಮಾಡಬಹುದು.”

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಹೂಂ ಎಂದರೆ ಸಾಕಿತ್ತು. ಗೋಡೆಯ ಬದಿಯಲ್ಲಿ ಪೊನ್ನಪ್ಪ, ಹೂಂ ಅನ್ನಿ ಎಂಬಂತೆ ತಲೆ ಆಡಿಸುತ್ತಿದ್ದರು.

“ಸಣ್ಣಸ್ವಾಮಿಯವರದ್ದು ತಪ್ಪಲ್ಲ ಸಾರ್” ಎಂದರು ಹೊನ್ನಮ್ಮ. “ಪೊನ್ನಪ್ಪ ಮೇಷ್ಟ್ರದ್ದೂ ಅಲ್ಲ. ಸೂಚಿ ತಪ್ಪು. ನಾನು ಬರೆದದ್ದು. ಈ ಮಗು ನನಗಿಂತ ಚೆನ್ನಾಗಿ ಯೋಚಿಸಿದೆ.”

“ಹಾಗಾದ್ರೆ ಷರತ್ತು...”

“ಷರತ್ತು ನೆನಪುಂಟು. ಒಂದು ಮಾತು ಕೇಳ್ತೇನೆ, ಆಮೇಲೆ ನಿಮ್ಮಿಷ್ಟ. ಪ್ರಶ್ನೆಯಲ್ಲಿ ದೋಷ ಇಲ್ಲ. ಸೂಚಿ ಬದಲಿಸಿ, ಇಪ್ಪತ್ತರಲ್ಲೂ ಐದನೇ ಉತ್ತರವನ್ನಷ್ಟೇ ಇಬ್ಬರೂ ಮತ್ತೆ ತಿದ್ದಲಿ. ಮುಕ್ಕಾಲು ಗಂಟೆ ಸಾಕು. ಆಗಲೂ ಮೂರು ದಾಟಿದ್ರೆ ಅಚ್ಚಿನ ಪೇಪರನ್ನು ನಾನೇ ಹನ್ನೆರಡು ಶಾಲೆಗೂ ಹಂಚುತ್ತೇನೆ.”

“ಮೂರೂವರೆಗೆ ನನ್ನ ಬಸ್ಸು.”

“ಐದೂವರೆಗೆ ಇನ್ನೊಂದು ಉಂಟು ಸಾರ್” ಎಂದಳು ಸರೋಜ.

ಧರ್ಮಪಾಲರು ಅವಳನ್ನು ನೋಡಿದರು, ಗಡಿಯಾರ ನೋಡಿದರು. “ಯಾರು ಬರೀತಾರೆ ಹೊಸ ಸೂಚಿ? ನೀವೇನಾ?”

“ನಾನು ಬೇಡ. ಪ್ರಶ್ನೆ ಬರೆದವರು ಸೂಚಿ ಬರೆದದ್ದೇ ಇಲ್ಲಿ ಎಡವಟ್ಟಾದದ್ದು. ಸರೋಜ ಬರೀಲಿ.”

“ಅಯ್ಯೋ ಅಕ್ಕ, ನಾನಾ?” ಎಂದಳು ಸರೋಜ. ಆದರೆ ಕೈಯಲ್ಲಿ ಸೀಮೆಸುಣ್ಣ ಬಂದಾಗಿತ್ತು. ಕರಿಹಲಗೆಯ ಮೇಲೆ ಒಂದು ಸಾಲು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹೊನ್ನಮ್ಮ ಬಾಯಿ ಬಿಗಿಹಿಡಿದು ಕಿಟಕಿಯಾಚೆ ನೋಡುತ್ತ ನಿಂತರು. ಹದಿನೆಂಟು ವರ್ಷದ ಮೇಷ್ಟ್ರಗಿರಿಯಲ್ಲಿ ಅಷ್ಟು ಕಷ್ಟದ ಕೆಲಸ ಅವರು ಮಾಡಿರಲಿಲ್ಲ.

ಹತ್ತು ನಿಮಿಷದಲ್ಲಿ ಹಲಗೆಯ ಮೇಲೆ ಇಷ್ಟು ನಿಂತಿತು: ‘ಸರಿ ಎಂದರೂ ತಪ್ಪು ಎಂದರೂ ಅದಕ್ಕೇ ಅಂಕವಿಲ್ಲ. ಅಳತೆಗಳು ಬೇರೆಯಾಗಲು ಸಾಧ್ಯವಿರುವ ಒಂದು ಕಾರಣಕ್ಕೆ ಎರಡು. ಆ ಕಾರಣವನ್ನು ಪರೀಕ್ಷಿಸುವ ದಾರಿಗೆ ಎರಡು. ಪರೀಕ್ಷಿಸುವಾಗ ಡಬ್ಬಿಯ ಜಾಗ ಮಾತ್ರ ಬೇರೆಯಾಗಿ, ಮಳೆ ಒಂದೇ ಆಗಿದ್ದರೆ ಇನ್ನೊಂದು.’

ಪೊನ್ನಪ್ಪ ಓದಿ, ಗಲ್ಲ ಕೆರೆದುಕೊಂಡರು. “ಟೀಚರೇ, ಇದರ ಪ್ರಕಾರ ನಿಮ್ಮ ಉತ್ತರಕ್ಕೆ ನಾಲ್ಕೇ ಅಂಕ. ಡಬ್ಬಿಯನ್ನು ಬಯಲಿಗೆ ಸಾಗಿಸಿದ್ರೆ ನಾಳೆಯ ಮಳೆ ಬೇರೆಯಲ್ಲವಾ?”

“ಸರಿಯಾಗಿಯೇ ಹಾಕಿದ್ದಾಳೆ. ನಡೀರಿ, ತಿದ್ದಿ.”

ಇಬ್ಬರೂ ಮತ್ತೆ ಕೋಣೆ ಸೇರಿದರು. ಮೂರೂವರೆಯ ಬಸ್ಸು ಹಾರನ್ ಹೊಡೆದು ತಿರುವು ದಾಟಿ ಹೋಯಿತು. ಧರ್ಮಪಾಲರು ತಮಗೂ ಒಂದು ಹಾಳೆ ತರಿಸಿಕೊಂಡರು. ಒಬ್ಬರು ಮುಗಿಸಿದ ಕಟ್ಟು ಇನ್ನೊಬ್ಬರಿಗೆ ಹೋಗುವ ಮೊದಲು ನಡುವೆ ತಡೆದು, ಯಾರಿಗೂ ಹೇಳದೆ ತಾವೂ ಆ ಉತ್ತರಗಳಿಗೆ ಅಂಕ ಹಾಕಿದರು. ಕಾಫಿ ಗಿಡವನ್ನು ಹತ್ತಿರದಿಂದ ನೋಡಿ ಎರಡು ವರ್ಷವೂ ಆಗದ ಮನುಷ್ಯನಿಗೂ ಆ ಸೂಚಿ ದಾರಿ ತೋರಿಸುತ್ತದೆಯೇ ಎಂದು ಅವರಿಗೆ ತಿಳಿಯಬೇಕಿತ್ತು.

ನಾಲ್ಕೂಕಾಲಿಗೆ ಮೂರು ಹಾಳೆಗಳು ಮೇಜಿನ ಮೇಲಿದ್ದವು. ಐದನೇ ಪ್ರಶ್ನೆಯಲ್ಲಿ ಇಬ್ಬರ ನಡುವಿನ ಅತಿ ದೊಡ್ಡ ವ್ಯತ್ಯಾಸ ಒಂದು ಅಂಕ. ಒಟ್ಟು ಅಂಕಗಳಲ್ಲಿ ಎರಡೂವರೆ. ಹದಿನಾಲ್ಕನೇ ಸಂಖ್ಯೆಗೆ ಇಬ್ಬರೂ ಹತ್ತೊಂಬತ್ತೇ ಕೊಟ್ಟಿದ್ದರು. ಇನ್‌ಸ್ಪೆಕ್ಟರ ಹಾಳೆ ಹದಿನೇಳು ಪತ್ರಿಕೆಗಳಲ್ಲಿ ಪೊನ್ನಪ್ಪನವರ ಹಾಳೆಗೆ ಸರಿಹೊಂದಿತು.

ಅವರು ಮೂರು ಹಾಳೆಗಳನ್ನೂ ಒಟ್ಟಿಗೆ ಗುಂಡುಸೂಜಿ ಚುಚ್ಚಿ, ಶಾಲೆಯ ಭೇಟಿ ಪುಸ್ತಕ ತೆರೆದು ಬರೆದರು: ‘ಹನ್ನೆರಡು ಶಾಲೆಗಳಲ್ಲಿ ಈ ವರ್ಷ ಏಳನೇ ತರಗತಿಯ ಸಾಮಾನ್ಯ ವಿಜ್ಞಾನದ ಪತ್ರಿಕೆಯನ್ನು ಶಿಕ್ಷಕರೇ ರಚಿಸಲು ಅನುಮತಿಸಿದೆ. ಪ್ರಶ್ನೆ ರಚಿಸಿದವರು ಅದರ ಸೂಚಿಯನ್ನು ಬರೆಯತಕ್ಕದ್ದಲ್ಲ.’ ಸಹಿ ಹಾಕಿ, ಒತ್ತುಕಾಗದ ಇಟ್ಟು, ಪುಸ್ತಕ ಮುಚ್ಚಿದರು.

“ನವೆಂಬರಿನಲ್ಲಿ ಸೋಮವಾರಪೇಟೆಯಲ್ಲಿ ಇಪ್ಪತ್ತು ಮೇಷ್ಟ್ರುಗಳನ್ನು ಸೇರಿಸ್ತೀನಿ” ಎಂದರು. “ನೀವು ಬಂದು ಕಲಿಸಬೇಕು ಹೊನ್ನಮ್ಮನವರೇ.”

“ಬರ್ತೇನೆ ಸಾರ್. ಸೂಚಿಯ ಪಾಠಕ್ಕೆ ಮಾತ್ರ ಸಣ್ಣಸ್ವಾಮಿಯವರನ್ನು ಕರೆಸಿ.”

“ನನ್ನನ್ಯಾಕೆ ಅಮ್ಮಾವ್ರೇ?” ಸಣ್ಣಸ್ವಾಮಿ ಗಾಬರಿಯಾದರು. “ಸೂಚಿ ಮುರಿದವನು ನಾನು!”

“ಅದಕ್ಕೇ” ಎಂದರು ಹೊನ್ನಮ್ಮ. “ಯಾವಾಗ ಮುರೀಬೇಕು ಅಂತ ಈ ಕೋಣೆಯಲ್ಲಿ ಗೊತ್ತಾದದ್ದು ನಿಮಗೊಬ್ಬರಿಗೇ. ಆ ಹದಿನಾಲ್ಕನೇ ಉತ್ತರವನ್ನು ಹಾಗೇ ನಕಲು ಮಾಡಿ ತಕೊಂಡು ಹೋಗಿ. ಜೊತೆಗೆ ನನ್ನ ಹಳೇ ಸೂಚಿಯನ್ನೂ. ಎರಡನ್ನೂ ಪಕ್ಕಪಕ್ಕ ಇಟ್ಟು, ಎಷ್ಟು ಅಂಕ ಕೊಡ್ತೀರಿ ಅಂತ ಅವರನ್ನೇ ಕೇಳಿ.”

“ಸೂಚಿ ಯಾರು ಬರೆದದ್ದು ಅಂತ ಅವರು ಕೇಳಿದ್ರೆ?”

“ನನ್ನ ಹೆಸರು ಹೇಳಿ. ನಾನು ಅಲ್ಲೇ ಕೂತಿರ್ತೇನೆ.”

ಸಣ್ಣಸ್ವಾಮಿ ಕಿಟಕಿಯ ಬೆಳಕಿಗೆ ಬೆಂಚು ಎಳೆದುಕೊಂಡು ನಕಲು ಮಾಡಲು ಕೂತರು. ಸಾಲಿನಿಂದ ಕೆಳಗೆ ಜಾರಿದ್ದ ಒತ್ತಕ್ಷರಗಳನ್ನು ತಿದ್ದಬೇಕೇ ಎಂದು ಕೇಳಿದರು. ಹಾಗೇ ಇರಲಿ ಎಂದರು ಹೊನ್ನಮ್ಮ.